ದಿಂಬು ಕಾಯುವುದು ಕೊಬ್ಬನ್ನು ಮಾತ್ರ

ಹೊಟ್ಟೆ, ಸೊಂಟ, ತೊಡೆಗಳಿಂದ ಕೊಬ್ಬನ್ನು ಹೀರಿ ತೆಗೆದು ಅದನ್ನೇ ನಿತಂಬಕ್ಕೆ ತುಂಬುವ ಶಸ್ತ್ರಚಿಕಿತ್ಸೆ ಬೆಂಗಳೂರಿಗೆ ಈಗ ಹೊಸದೇನಲ್ಲ. ‘ಬ್ರೆಜಿಲಿಯನ್ ಬಟ್ ಲಿಫ್ಟ್’ ಎಂಬ ಹೆಸರಿನಲ್ಲಿ ನಗರದ ಹಲವು ಸೌಂದರ್ಯ ಚಿಕಿತ್ಸಾಲಯಗಳು ಇದನ್ನು ಮಾಡುತ್ತಿವೆ. ಬೆಳಿಗ್ಗೆ ದಾಖಲಾದರೆ ಅಂದೇ ಸಂಜೆ ಅಥವಾ ಮರುದಿನ ಮನೆಗೆ ಮರಳಬಹುದು ಎಂಬುದು ಇಂಥ ಜಾಹೀರಾತುಗಳ ಮುಖ್ಯ ಆಕರ್ಷಣೆ. ಮರಳಿದ ಮೇಲೆ ಕೂರುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಜಾಗವಿರುವುದಿಲ್ಲ.

ಇಂಥದ್ದೊಂದು ವಿಷಯವನ್ನು ಪತ್ರಿಕೆಯಲ್ಲಿ ಚರ್ಚಿಸಬೇಕೇ ಎಂದು ಕೆಲವರಿಗಾದರೂ ಅನ್ನಿಸಬಹುದು. ನಮ್ಮ ಹಳೆಯ ಕಾವ್ಯಗಳಲ್ಲಿ ನಿತಂಬದ ವರ್ಣನೆಗೆ ಬರವಿಲ್ಲ. ಆದರೆ ವೈದ್ಯರ ಎದುರು ನಿಂತಾಗ ನಾವು ‘ಹಿಂಭಾಗ’ ಎನ್ನುತ್ತೇವೆ, ‘ಕೂರುವ ಜಾಗ’ ಎನ್ನುತ್ತೇವೆ. ಕೆಲವರು ಕೈಸನ್ನೆಯಲ್ಲೇ ಮುಗಿಸಿಬಿಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿ ಸೊಂಟ, ಬೆನ್ನು, ಕಾಲುಗಳ ತೊಂದರೆಗಳನ್ನು ನೋಡುತ್ತಾ ಬಂದಿರುವ ನನಗೆ ಈ ಸಂಕೋಚ ಚೆನ್ನಾಗಿ ಪರಿಚಿತ. ಅದರಿಂದ ಆಗುವ ಹಾನಿಯೂ ಪರಿಚಿತ. ಕಳೆದ ಕೆಲವು ವರ್ಷಗಳಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಣ್ಣುಮಕ್ಕಳು ನನ್ನ ಬಳಿಗೂ ಬರುತ್ತಿದ್ದಾರೆ. ಬಂದವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ‘ಬೆನ್ನುನೋವು’ ಎಂದು.

ಹೆಸರಿನಲ್ಲಿ ಬ್ರೆಜಿಲ್ ಸೇರಿಕೊಂಡಿರುವುದರ ಹಿಂದೆ ಆ ದೇಶದ ಖ್ಯಾತ ಶಸ್ತ್ರವೈದ್ಯ ಇವೊ ಪಿಟಾಂಗಿ ಅವರ ನೆರಳಿದೆ. ತೊಡೆ ಮತ್ತು ನಿತಂಬದ ಜೋಲುಬಿದ್ದ ಭಾಗವನ್ನು ಕತ್ತರಿಸಿ ಎತ್ತಿ ಕಟ್ಟುವ ವಿಧಾನವನ್ನು ಅವರು 1960ರ ದಶಕದಲ್ಲಿ ರೂಪಿಸಿದ್ದರು. ಈಗ ಆ ಹೆಸರಿನಲ್ಲಿ ನಡೆಯುವುದು ತುಂಬುವ ಕೆಲಸ. ಹೀರಿ ತೆಗೆದ ಕೊಬ್ಬನ್ನು ಸೋಸಿ, ಮೊಂಡು ತುದಿಯ ಕೊಳವೆಯ ಮೂಲಕ ಚರ್ಮದ ಕೆಳಗೆ ಎಳೆಎಳೆಯಾಗಿ ಸೇರಿಸುತ್ತಾರೆ. ಒಂದೊಂದು ಬದಿಗೆ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಹೀಗೆ ಜಾಗ ಬದಲಿಸಿದ ಕೊಬ್ಬಿಗೆ ಆ ಕ್ಷಣದಲ್ಲಿ ತನ್ನದೆನ್ನುವ ರಕ್ತನಾಳ ಇರುವುದಿಲ್ಲ. ಮೊದಲ ಕೆಲವು ದಿನ ಅದು ಸುತ್ತಲಿನ ಅಂಗಾಂಶದಿಂದ ಒಸರುವ ಆಮ್ಲಜನಕವನ್ನೂ ಪೋಷಕಾಂಶವನ್ನೂ ನಂಬಿಕೊಂಡು ಬದುಕಬೇಕು. ಆಮೇಲೆ ನವಿರಾದ ಹೊಸ ರಕ್ತನಾಳಗಳು ಅದರೊಳಕ್ಕೆ ಬೆಳೆಯಬೇಕು. ನಾಟಿ ಮಾಡಿದ ಪೈರು ಬೇರು ಹಿಡಿಯುವ ಹಾಗೆ ಎನ್ನಬಹುದು. ಬೇರು ಹಿಡಿಯದೆ ಹೋದದ್ದನ್ನು ದೇಹ ಕರಗಿಸಿಕೊಳ್ಳುತ್ತದೆ. ತುಂಬಿದ್ದರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹೀಗೆ ಕರಗಿಹೋಗುವುದು ಸಾಮಾನ್ಯ ಎಂದು ಶಸ್ತ್ರವೈದ್ಯರೇ ಹೇಳುತ್ತಾರೆ.

ಕೂರಬಾರದು ಎಂಬ ನಿರ್ಬಂಧ ಹುಟ್ಟಿದ್ದು ಇಲ್ಲಿಂದ. ನಾವು ಕುಳಿತಾಗ ಮೈಯ ಮೇಲ್ಭಾಗದ ಭಾರದಲ್ಲಿ ಬಹುಪಾಲು ನಿತಂಬದ ಕೆಳಗಿರುವ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಮೂಳೆ ಮತ್ತು ಕುರ್ಚಿಯ ನಡುವೆ ಸಿಕ್ಕಿಕೊಂಡ ಅಂಗಾಂಶದಲ್ಲಿ ಸೂಕ್ಷ್ಮ ರಕ್ತನಾಳಗಳು ಅಮುಕಿಹೋಗುತ್ತವೆ. ಬೆನ್ನುಹುರಿಗೆ ಪೆಟ್ಟುಬಿದ್ದು ಗಾಲಿಕುರ್ಚಿ ಹಿಡಿದವರಿಗೆ ಹದಿನೈದು–ಮೂವತ್ತು ನಿಮಿಷಕ್ಕೊಮ್ಮೆ ಮೈಯನ್ನು ಎತ್ತಿ ಹಿಡಿಯುವುದನ್ನು ನಾವು ಕಲಿಸುವುದು ಇದೇ ಕಾರಣಕ್ಕೆ. ಹಾಗೆ ಮಾಡದಿದ್ದರೆ ಒತ್ತಡದ ಹುಣ್ಣಾಗುತ್ತದೆ. ಗಟ್ಟಿಮುಟ್ಟಾದ ಅಂಗಾಂಶದ ಪಾಡೇ ಹೀಗಿರುವಾಗ, ಇನ್ನೂ ಬೇರು ಬಿಡದ ಕೊಬ್ಬಿನ ಪಾಡು ಹೇಳಬೇಕಿಲ್ಲ.

ಆದ್ದರಿಂದ ಮೊದಲ ಎರಡು ವಾರ ಶೌಚಾಲಯದ ಕೆಲವು ನಿಮಿಷಗಳನ್ನು ಬಿಟ್ಟರೆ ನೇರವಾಗಿ ಕೂರಲೇಬಾರದು, ಬೋರಲು ಅಥವಾ ಪಕ್ಕಕ್ಕೆ ಮಲಗಬೇಕು, ಆಮೇಲೆ ಆರರಿಂದ ಎಂಟು ವಾರಗಳವರೆಗೆ ವಿಶೇಷ ದಿಂಬಿನ ಮೇಲೆ ಮಾತ್ರ ಕೂರಬೇಕು ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ಈ ದಿಂಬಿನ ಬಗ್ಗೆ ಒಂದು ಮಾತು. ಮೂಲವ್ಯಾಧಿಯವರು ಬಳಸುವ, ನಡುವೆ ತೂತಿರುವ ಉದ್ದಿನ ವಡೆಯಾಕಾರದ ದಿಂಬು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ನಡುಭಾಗದ ಭಾರವನ್ನು ತೆಗೆದು ಸುತ್ತಲಿನ ಭಾಗದ ಮೇಲೆ, ಅಂದರೆ ಕೊಬ್ಬು ತುಂಬಿದ ಜಾಗದ ಮೇಲೆಯೇ, ಹೇರುತ್ತದೆ. ಬೇಕಾದದ್ದು ಗಟ್ಟಿಯಾದ ಚೌಕಟ್ಟಿನ ದಿಂಬು. ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡರೆ ನಿತಂಬ ಅದರ ಹಿಂದೆ ಕುರ್ಚಿಗೆ ತಾಗದೆ ತೂಗುತ್ತಿರುತ್ತದೆ. ಪಾದ ಎರಡೂ ನೆಲಕ್ಕೆ ಊರಿರಬೇಕು, ಬೆನ್ನಿನ ಕೆಳಭಾಗಕ್ಕೆ ಒತ್ತು ಕೊಟ್ಟು ನೆಟ್ಟಗೆ ಕೂರಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ಸ್ಕೂಟರ್ ಏರುವುದು ಈ ಅವಧಿಯಲ್ಲಿ ಬೇಡ.

ಎರಡು ವಾರವೋ ಆರು ವಾರವೋ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ ಎಂಬುದನ್ನೂ ಹೇಳಬೇಕು. ಕೊಬ್ಬನ್ನು ಹೆಚ್ಚಾಗಿ ತುಂಬುವುದು ಮೇಲ್ಭಾಗಕ್ಕೆ ಮತ್ತು ಪಕ್ಕಗಳಿಗೆ. ಕೂತಾಗ ಭಾರ ಬೀಳುವುದು ಕೆಳಭಾಗದ ಮೇಲೆ. ಹೀಗಾಗಿ ಕೂರುವ ನಿರ್ಬಂಧವನ್ನು ಅತಿಯಾಗಿ ಹಿಗ್ಗಿಸಲಾಗಿದೆ ಎನ್ನುವ ಶಸ್ತ್ರವೈದ್ಯರೂ ಇದ್ದಾರೆ. ವಾರಗಳ ಲೆಕ್ಕ ಬಹುಮಟ್ಟಿಗೆ ಅನುಭವದಿಂದ ಬಂದದ್ದು. ತನ್ನ ಶಸ್ತ್ರವೈದ್ಯರು ಹೇಳಿದಷ್ಟು ದಿನ ಪಾಲಿಸುವುದೇ ರೋಗಿಗೆ ಇರುವ ದಾರಿ.

ನನ್ನ ತಕರಾರು ಇರುವುದು ಬೇರೆಡೆ. ‘ಸುರಕ್ಷಿತವಾಗಿ ಕೂರುವುದು’ ಎಂದರೆ ಯಾರ ಸುರಕ್ಷತೆ? ಚಿಕಿತ್ಸಾಲಯಗಳು ಕೊಡುವ ಸೂಚನಾ ಪತ್ರಗಳನ್ನು ನಾನು ಕುತೂಹಲದಿಂದ ಓದುತ್ತೇನೆ. ಒಂದು ಪತ್ರದಲ್ಲಿ ಕೂರಬಾರದು, ಅಂಗಾತ ಮಲಗಬಾರದು, ಒರಗಬಾರದು, ಬಿಗಿ ಉಡುಪನ್ನು ಬಿಚ್ಚಬಾರದು ಎಂದು ಹನ್ನೊಂದು ಸಾಲುಗಳಿದ್ದವು. ‘ಆಗಾಗ ನಡೆದಾಡಿ’ ಎಂಬುದು ಕೊನೆಯ ಸಾಲು. ಹನ್ನೊಂದು ಸಾಲುಗಳು ತುಂಬಿದ ಕೊಬ್ಬನ್ನು ಕಾಯುವುದಕ್ಕೆ. ಉಳಿದ ಒಂದು ಸಾಲು ಅದನ್ನು ಹೊತ್ತಿರುವ ಜೀವಕ್ಕೆ. ಕೊಬ್ಬು ಕರಗಿದರೆ ಗ್ರಾಹಕರು ದೂರುತ್ತಾರೆ, ಹಣ ವಾಪಸು ಕೇಳುತ್ತಾರೆ. ಹಾಗಾಗಿ ಅದರ ಬಗ್ಗೆ ಎಚ್ಚರ ಹೆಚ್ಚು.

ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಚಲನೆಯಿಲ್ಲದೆ ಬಿದ್ದುಕೊಂಡವರ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೆ ಅಪಾಯ. ಕೂರಬೇಡ ಎಂದರೆ ಅಲುಗಾಡಬೇಡ ಎಂದೇ ಬಹಳ ಮಂದಿ ಅರ್ಥ ಮಾಡಿಕೊಳ್ಳುತ್ತಾರೆ. ಬೋರಲು ಬಿದ್ದುಕೊಂಡು ಮೊಬೈಲು ನೋಡುತ್ತಾ ದಿನ ಕಳೆಯುತ್ತಾರೆ. ಬೋರಲು ಮಲಗಿದರೆ ಕೊಬ್ಬು ಹೀರಿದ ಹೊಟ್ಟೆ ನೋಯುತ್ತದೆ, ಪಕ್ಕಕ್ಕೆ ಹೊರಳಿದರೆ ಸೊಂಟ ನೋಯುತ್ತದೆ. ಆದ್ದರಿಂದ ಒಮ್ಮೆ ಸಹನೀಯವಾದ ಭಂಗಿ ಸಿಕ್ಕರೆ ಅದನ್ನು ಬಿಡಲು ಮನಸ್ಸಾಗುವುದಿಲ್ಲ. ಇದರ ಮೇಲೆ ಬಿಗಿ ಉಡುಪು. ಅದರ ಅಂಚು ತೊಡೆಯ ಬಳಿ ಸುರುಳಿ ಸುತ್ತಿಕೊಂಡರೆ ಹಗ್ಗ ಬಿಗಿದಂತೆಯೇ ಸರಿ.

ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಯುವತಿಯೊಬ್ಬಳು ನನ್ನಲ್ಲಿಗೆ ಬಂದಿದ್ದಳು. ಎಡಪಾದ ಜುಮ್ಮೆನ್ನುತ್ತದೆ, ಮೀನಖಂಡ ಹಿಡಿದುಕೊಂಡಿದೆ ಎಂಬುದು ದೂರು. ಅದೂ ‘ಬೆನ್ನುನೋವು’ ಎಂದೇ ಶುರುವಾಗಿತ್ತು. ಶಸ್ತ್ರಚಿಕಿತ್ಸೆಯಾಗಿ ಹದಿನಾರು ದಿನವಾಗಿತ್ತು. ಹನ್ನೊಂದನೇ ದಿನದಿಂದಲೇ ಮನೆಯಿಂದ ಕೆಲಸ ಆರಂಭಿಸಿದ್ದಳು. ದಿಂಬು ತರಿಸಿಕೊಂಡಿದ್ದಳು, ಬಳಸುತ್ತಲೂ ಇದ್ದಳು. ಒಂದು ಮೀಟಿಂಗ್ ಮುಗಿದು ಇನ್ನೊಂದಕ್ಕೆ, ಮೂರು ಮೂರು ಗಂಟೆ ಅದರ ಮೇಲೆಯೇ. ದಿಂಬಿನ ಅಂಚು ತೊಡೆಯ ಹಿಂಭಾಗವನ್ನು ಒತ್ತಿ ಪಾದ ಜುಮ್ಮೆನ್ನುವುದು ನನಗೆ ಅರ್ಥವಾಗುವ ವಿಷಯ. ಆದರೆ ಎಡ ಮೀನಖಂಡ ಬಲಗಡೆಯದಕ್ಕಿಂತ ದಪ್ಪವಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಅಂಥ ಕಾಲನ್ನು ನಾವು ತಿಕ್ಕುವುದಿಲ್ಲ, ವ್ಯಾಯಾಮ ಮಾಡಿಸುವುದಿಲ್ಲ. ಡಾಪ್ಲರ್ ಸ್ಕ್ಯಾನ್‌ಗೆ ಕಳಿಸಿದೆ. ಆಳದ ರಕ್ತನಾಳದಲ್ಲಿ ಹೆಪ್ಪು ಇತ್ತು. ಮೂರು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗಿ ಆಕೆ ಗುಣವಾದಳು. ನನಗಿಂತ ಮೊದಲು ಆಕೆ ಶಸ್ತ್ರಚಿಕಿತ್ಸೆ ಮಾಡಿದ ಕಡೆಗೇ ಫೋನು ಮಾಡಿದ್ದಳಂತೆ. ಅಲ್ಲಿಂದ ಬಂದ ಉತ್ತರ: ದಿಂಬು ಸರಿಯಾಗಿ ಇಟ್ಟುಕೊಳ್ಳಿ ಮೇಡಂ.

ಹಾಗಾಗಿ ನನ್ನ ಬಳಿ ಬರುವವರಿಗೆ ನಾನು ದಿಂಬಿಗಿಂತ ಮೊದಲು ಗಡಿಯಾರದ ಬಗ್ಗೆ ಹೇಳುತ್ತೇನೆ. ಕೂರಲು ಅನುಮತಿ ಸಿಕ್ಕ ಮೇಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಲ್ಲಬೇಕು. ಎಚ್ಚರವಿರುವಾಗ ಗಂಟೆ–ಎರಡು ಗಂಟೆಗೊಮ್ಮೆ ಮನೆಯೊಳಗೇ ನಾಲ್ಕು ಸುತ್ತು ನಡೆಯಬೇಕು, ಅದೂ ಶಸ್ತ್ರಚಿಕಿತ್ಸೆಯಾದ ದಿನದಿಂದಲೇ. ಮೊದಲ ಸಲ ಏಳುವಾಗ ತಲೆ ಸುತ್ತುವುದರಿಂದ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬೋರಲು ಮಲಗಿರುವಾಗ ಪಾದಗಳನ್ನು ಮಂಚದ ಅಂಚಿನಾಚೆಗೆ ಚಾಚಿ ಮೇಲೆ ಕೆಳಗೆ ಆಡಿಸುತ್ತಿರಬಹುದು. ಮೀನಖಂಡ ಹಿಂಡಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ನಮ್ಮ ಕುಕ್ಕರುಗಾಲಿನ ಶೌಚಾಲಯದಲ್ಲಿ ನಿತಂಬದ ಮೇಲೆ ಒತ್ತಡ ಬೀಳುವುದಿಲ್ಲ ಎಂಬುದು ನಿಜ. ಆದರೆ ರಕ್ತ ಕಳೆದುಕೊಂಡು, ಬಿಗಿ ಉಡುಪು ತೊಟ್ಟು, ನೋವಿನ ಮಾತ್ರೆಯ ಮಂಪರಿನಲ್ಲಿ ಅಲ್ಲಿಂದ ಏಳುವಾಗ ಬಿದ್ದರೆ ಇನ್ನೊಂದು ರಾಮಾಯಣ.

ಪ್ರಯಾಣದ ವಿಷಯದಲ್ಲೂ ಇದೇ ಗೊಂದಲ. ಕಾರಿನ ಹಿಂದಿನ ಸೀಟಿನಲ್ಲಿ ಬೋರಲು ಮಲಗಿಯೋ, ಹಿಂದುಮುಂದಾಗಿ ಮಂಡಿಯೂರಿಯೋ ಹೋಗುವವರಿದ್ದಾರೆ. ಹಾಗೆ ಹೋಗಲು ಸಲಹೆ ಕೊಡುವವರೂ ಇದ್ದಾರೆ. ಕೊಬ್ಬು ಕ್ಷೇಮ, ಸರಿ. ಚಾಲಕ ಗಕ್ಕನೆ ಬ್ರೇಕ್ ಹಾಕಿದರೆ ಮೈ ಎಲ್ಲಿಗೆ ಹೋಗಿ ಬೀಳುತ್ತದೆ? ತೊಡೆಯ ಕೆಳಗೆ ದಿಂಬಿಟ್ಟು, ಸೀಟ್ ಬೆಲ್ಟ್ ಹಾಕಿಕೊಂಡು ಅರ್ಧ ಗಂಟೆ ಕೂತರೆ ಆಗುವ ನಷ್ಟ ಅದರ ಮುಂದೆ ಏನೂ ಅಲ್ಲ. ಅರ್ಧ ಗಂಟೆಗಿಂತ ಉದ್ದದ ದಾರಿಯಾದರೆ ಹೊರಡುವುದೇ ಬೇಡ. ಶಸ್ತ್ರಚಿಕಿತ್ಸೆ ಮುಗಿಸಿ ಮರುದಿನವೇ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗುವ, ವಿಮಾನದಲ್ಲಿ ಏಳೆಂಟು ಗಂಟೆ ಕಾಲು ಮಡಚಿ ಕೂರುವ ಯೋಜನೆ ಹಾಕಿಕೊಂಡವರನ್ನು ಕಂಡರೆ ನನಗೆ ಭಯವಾಗುತ್ತದೆ.

ಈ ಭಯಕ್ಕೆ ಆಧಾರವಿಲ್ಲದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಮೆರಿಕನ್ನರಲ್ಲಿ 2009ರಿಂದ 2022ರವರೆಗೆ 93 ಮಂದಿ ಸತ್ತಿದ್ದಾರೆ. ಅವುಗಳಲ್ಲಿ ಕೂಲಂಕಷವಾಗಿ ಪರಿಶೀಲಿಸಿದ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಕೊಬ್ಬಿನ ಅಥವಾ ರಕ್ತದ ಹೆಪ್ಪು. ಕೊಬ್ಬಿನ ಹೆಪ್ಪು ಬೇರೆಯೇ ಕಥೆ. ತುಂಬುವ ಕೊಳವೆ ಆಳಕ್ಕಿಳಿದು ಸ್ನಾಯುವಿನೊಳಗಿನ ದೊಡ್ಡ ಅಭಿಧಮನಿಯನ್ನು ಸೀಳಿದರೆ ಕೊಬ್ಬು ಅದರ ಮೂಲಕ ಹೃದಯಕ್ಕೂ ಶ್ವಾಸಕೋಶಕ್ಕೂ ನುಗ್ಗುತ್ತದೆ. ಆಪರೇಷನ್ ಟೇಬಲ್ಲಿನ ಮೇಲೋ ಕೆಲವೇ ಗಂಟೆಗಳಲ್ಲೋ ಸಾವು ಬರಬಹುದು. ಶಸ್ತ್ರವೈದ್ಯರ ನಡುವೆ ನಡೆಸಿದ ಸಮೀಕ್ಷೆಯೊಂದು 2017ರಲ್ಲಿ ಈ ಶಸ್ತ್ರಚಿಕಿತ್ಸೆಯಲ್ಲಿ ಸಾವಿನ ಪ್ರಮಾಣ ಮೂರು ಸಾವಿರಕ್ಕೆ ಒಂದರಷ್ಟಿರಬಹುದು ಎಂದು ಅಂದಾಜಿಸಿತು. ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಗೆ ಇದು ಕೇಳರಿಯದ ಪ್ರಮಾಣ. ಮರುವರ್ಷ ಹಲವು ದೇಶಗಳ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘಗಳು ಒಟ್ಟಾಗಿ, ಕೊಬ್ಬನ್ನು ಚರ್ಮದ ಕೆಳಗಿನ ಪದರಕ್ಕೆ ಮಾತ್ರ ತುಂಬಬೇಕು, ಸ್ನಾಯುವಿಗೆ ಚುಚ್ಚಲೇಬಾರದು ಎಂದು ಎಚ್ಚರಿಸಿದವು. ಬ್ರಿಟನ್ನಿನ ಸೌಂದರ್ಯ ಶಸ್ತ್ರವೈದ್ಯರ ಸಂಘ 2018ರಲ್ಲಿ ತನ್ನ ಸದಸ್ಯರಿಗೆ ಇದನ್ನು ಮಾಡುವುದೇ ಬೇಡ ಎಂದು ಸೂಚಿಸಿ, 2022ರಲ್ಲಿ ಅಲ್ಟ್ರಾಸೌಂಡ್ ನೋಡುತ್ತಾ ಮೇಲ್ಪದರಕ್ಕಷ್ಟೇ ತುಂಬುವ ಷರತ್ತಿನೊಂದಿಗೆ ಸಡಿಲಿಸಿತು. ಈ ಉದ್ಯಮದ ರಾಜಧಾನಿಯೆನಿಸಿದ ಮಯಾಮಿ ನಗರವಿರುವ ಫ್ಲಾರಿಡಾದಲ್ಲಿ 2022ರಲ್ಲಿ, ಒಬ್ಬ ಶಸ್ತ್ರವೈದ್ಯ ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಬಾರದು ಎಂದು ತುರ್ತು ನಿಯಮ ತರಬೇಕಾಯಿತು. ಮೂರಕ್ಕಿಂತ ಹೆಚ್ಚು ಮಾಡುವವರಿದ್ದರು ಎಂದೇ ಇದರ ಅರ್ಥವಲ್ಲವೇ?

ಟೇಬಲ್ಲಿನ ಮೇಲೆ ಆಗುವ ಈ ಅನಾಹುತವನ್ನು ಯಾವ ದಿಂಬೂ ತಡೆಯಲಾರದು. ಶಸ್ತ್ರವೈದ್ಯರನ್ನು ಆರಿಸುವಾಗ ಮಾತ್ರ ಅದನ್ನು ತಡೆಯಬಹುದು. ನಮ್ಮ ಊರಿಗೂ ಇದು ದೂರದ ಸುದ್ದಿಯಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ 21 ವರ್ಷದ ಕಿರುತೆರೆ ನಟಿಯೊಬ್ಬರು ಅಸುನೀಗಿದ್ದನ್ನು ಓದುಗರು ಮರೆತಿರಲಾರರು. ಅಲ್ಲಿ ನಡೆದದ್ದು ತೆಗೆಯುವ ಕೆಲಸ ಮಾತ್ರ. ನಿತಂಬಕ್ಕೆ ತುಂಬುವ ಚಿಕಿತ್ಸೆಯಲ್ಲಿ ತೆಗೆಯುವುದರ ಅಪಾಯದ ಜೊತೆಗೆ ತುಂಬುವುದರ ಅಪಾಯವೂ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಇರುವಾಗ ಹೆಣ್ಣುಮಕ್ಕಳಿಗೆ ಇದರ ಹುಚ್ಚೇಕೆ ಎಂದು ಕೇಳುವವರಿಗೆ ನನ್ನಲ್ಲಿ ಸಹನೆ ಕಡಿಮೆ. ಮೀಸೆಗೆ ಬಣ್ಣ ಹಚ್ಚಿಕೊಂಡು, ತಲೆಗೆ ಕೂದಲು ನಾಟಿ ಮಾಡಿಸಿಕೊಂಡು ಬಂದ ಮಹನೀಯರೇ ಈ ಪ್ರಶ್ನೆ ಕೇಳಿದ್ದುಂಟು. ಗಂಡ ಹೀಯಾಳಿಸಿದ್ದಕ್ಕೆ ಮಾಡಿಸಿಕೊಂಡವರಿದ್ದಾರೆ, ತಮಗೇ ಬೇಕೆನಿಸಿ ಮಾಡಿಸಿಕೊಂಡವರೂ ಇದ್ದಾರೆ. ಕಾರಣ ವಿಚಾರಿಸುವುದು ನನ್ನ ಕೆಲಸವಲ್ಲ. ಆದರೆ ಇಂಥ ಹೀಯಾಳಿಕೆಯ ಭಯದಿಂದಲೇ ಅವರು ಮನೆಯವರಿಗೂ ಹೇಳದೆ ಹೋಗುತ್ತಾರೆ. ಅದು ಅಪಾಯಕಾರಿ. ಬಾಣಂತಿಗೆ ಮೂರು ತಿಂಗಳು ಎಣ್ಣೆ, ನೀರು, ಪಥ್ಯ ಎಂದು ಮನೆಯೆಲ್ಲ ನಿಲ್ಲುವ ಸಮಾಜ ನಮ್ಮದು. ಆರೈಕೆ ಎಂದರೇನೆಂದು ನಮ್ಮ ಅಮ್ಮಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಪಿ.ಜಿ. ಕೋಣೆಯಲ್ಲಿ, ಸ್ಲಿಪ್ ಡಿಸ್ಕ್ ಎಂದು ಸುಳ್ಳು ಹೇಳಿ ಬೋರಲು ಮಲಗಿರುವ ಹುಡುಗಿಗೆ ಒಂದು ಲೋಟ ನೀರು ತಂದುಕೊಡುವವರಿಲ್ಲ. ರಾತ್ರಿ ಏದುಸಿರು ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ. ಕಚೇರಿಯಲ್ಲಿ ನಿಜ ಹೇಳಲಾಗದ್ದರಿಂದ ರಜೆ ಹತ್ತು ದಿನಕ್ಕೇ ಮುಗಿಯುತ್ತದೆ. ಸೌಂದರ್ಯಕ್ಕಾಗಿ ಮಾಡಿಸಿಕೊಂಡದ್ದಾದ್ದರಿಂದ ಆರೋಗ್ಯ ವಿಮೆಯೂ ಒದಗುವುದಿಲ್ಲ.

ಕೂರಲಾಗದ ಎರಡು ತಿಂಗಳೂ ಈ ಶಸ್ತ್ರಚಿಕಿತ್ಸೆಯ ಭಾಗವೇ ಆಗಿರುವಾಗ, ಹಣ ಕಟ್ಟಿಸಿಕೊಳ್ಳುವ ಮೊದಲೇ ಅದರ ಮಾತು ಆಗಬೇಕು. ಒಪ್ಪಿಗೆ ಪತ್ರದಲ್ಲಿ ಸಹಿ ಹಾಕಿಸುವಾಗ ಅರಿವಳಿಕೆಯ ಅಪಾಯ, ರಕ್ತಸ್ರಾವದ ಅಪಾಯ ಎಂದು ಅಚ್ಚು ಮಾಡಿರುವಂತೆಯೇ ಎಷ್ಟು ದಿನ ಕೂರುವಂತಿಲ್ಲ, ಮೊದಲ ವಾರ ಎಲ್ಲಿ ಉಳಿಯುತ್ತೀರಿ, ಜೊತೆಯಲ್ಲಿ ಯಾರಿರುತ್ತಾರೆ, ಕೆಲಸಕ್ಕೆ ಯಾವಾಗ ಮರಳುತ್ತೀರಿ ಎಂದು ಕೇಳಿ ಬರೆದುಕೊಳ್ಳಲಿ. ಜೊತೆಗಿರುವವರು ಯಾರೂ ಇಲ್ಲ ಎಂಬ ಉತ್ತರ ಬಂದರೆ ದಿನಾಂಕ ಮುಂದೂಡಲಿ. ಗರ್ಭನಿರೋಧಕ ಮಾತ್ರೆ ಸೇವಿಸುವವರು, ಧೂಮಪಾನಿಗಳು, ಮನೆತನದಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇರುವವರು ಯಾರೆಂದು ಮೊದಲೇ ವಿಚಾರಿಸಿ, ಅಗತ್ಯವಿದ್ದರೆ ತಡೆಗಟ್ಟುವ ಚುಚ್ಚುಮದ್ದು ಕೊಡಲಿ. ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಫೋನು ಮಾಡಿ ವಿಚಾರಿಸುವವರು ನರ್ಸ್ ಅಥವಾ ವೈದ್ಯರಾಗಿರಲಿ. ಮಾರಾಟ ವಿಭಾಗದವರು ಬೇಡ. ಲಕ್ಷಗಟ್ಟಲೆ ಶುಲ್ಕದಲ್ಲಿ ಇದಕ್ಕೆ ತಗಲುವ ಖರ್ಚು ಒಂದು ದಿಂಬಿನ ಬೆಲೆಯಷ್ಟೂ ಆಗಲಿಕ್ಕಿಲ್ಲ.

ಈಗಾಗಲೇ ಮಾಡಿಸಿಕೊಂಡು ಈ ಪುಟವನ್ನು ಮಂಚದ ಮೇಲೆ ಬೋರಲು ಮಲಗಿ ಓದುತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಒಂದು ಮಾತು. ಒಂದು ಕಾಲು ಮಾತ್ರ ಊದಿಕೊಂಡರೆ, ಮೀನಖಂಡ ನೋಯುತ್ತಾ ಬಿಸಿಯಾದರೆ ಅದೇ ದಿನ ತೋರಿಸಿ. ಎದೆನೋವು, ಉಸಿರಾಟದ ತೊಂದರೆ, ಕೆಮ್ಮಿನಲ್ಲಿ ರಕ್ತ ಕಾಣಿಸಿದರೆ ಶಸ್ತ್ರಚಿಕಿತ್ಸೆ ಮಾಡಿದವರ ಫೋನಿಗಾಗಿ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆಗ ಕೊಬ್ಬಿನ ಚಿಂತೆ ಬೇಡ, ಆಂಬುಲೆನ್ಸಿನಲ್ಲಿ ಹೇಗೆ ಬೇಕಾದರೂ ಕೂರಿ. ಅಲ್ಲಿರುವ ವೈದ್ಯರಿಗೆ ಯಾವ ಶಸ್ತ್ರಚಿಕಿತ್ಸೆ, ಎಷ್ಟು ದಿನದ ಹಿಂದೆ, ಯಾವ ಜಾಗಕ್ಕೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಬೆನ್ನುನೋವು ಎನ್ನಬೇಡಿ.